ವ್ಯಾನಿನ ಬಾಗಿಲ ಮೇಲೆ ಬರೆಸಿದ್ದ ಸಾಲು

ನಮ್ಮ ವ್ಯಾನಿನ ಎಡಬಾಗಿಲ ಮೇಲೆ ಒಂದು ಸಾಲು ಬರೆಸಿದ್ದೆವು. ಈಗ ಅಲ್ಲಿ ಬಿಳಿ ಬಣ್ಣ ಬಳಿದಿದೆ. ಬಳಿದವನು ಒಂದೇ ಪದರ ಬಳಿದು ಕೈ ತೊಳೆದುಕೊಂಡ. ಹಾಗಾಗಿ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಒಳಗಿನ ಅಕ್ಷರಗಳು ಉಬ್ಬಿ ಕಾಣುತ್ತವೆ. ಸಾಲಿನಲ್ಲಿ ನಿಂತವರು ಕತ್ತು ವಾಲಿಸಿ ಓದಲು ನೋಡುತ್ತಾರೆ. "ಅದೇನು ಬರ್ದು ಅಳಿಸಿದೀರ?" ಎಂದು ಯಾರಾದರೂ ಕೇಳಿದರೆ ನಾನು ಮಾತ್ರೆ ಎಣಿಸುವವಳ ಹಾಗೆ ತಲೆ ತಗ್ಗಿಸುತ್ತೇನೆ. ಆ ಸಾಲು ಬರೆಸಿದವಳು ನಾನೇ, ಅಳಿಸಿ ಎಂದವಳೂ ನಾನೇ.

ನಾನು ಫಾರ್ಮಸಿಸ್ಟ್. ಕೆಲಸದ ವರ್ಷಗಳನ್ನೆಲ್ಲ ಬೇರೆ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕಳೆದೆ. ಆ ಕಿಟಕಿಗೆ ತಂತಿಜಾಲರಿ ಬಡಿದಿದ್ದರು, ಕೆಳಗಡೆ ಕೈ ತೂರುವಷ್ಟು ಒಂದು ಕಿಂಡಿ ಬಿಟ್ಟಿದ್ದರು. ನನಗೆ ಜನರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಸೀಗೆಕಾಯಿ ವಾಸನೆಯ ಕೈ, ಸಗಣಿ ತೊಳೆದ ಕೈ, ಬಳೆ ಒಡೆದು ಗೀರಿದ ಕೈ. ಚೀಟಿ ಒಳಗೆ ಬರುತ್ತಿತ್ತು, ಅದರ ಹಿಂದೆಯೇ ಅಂಗೈ ಬಿಚ್ಚಿಕೊಳ್ಳುತ್ತಿತ್ತು. ಎಷ್ಟೋ ದಿನ ನಾನು ಹೇಳಬೇಕಾಗಿದ್ದುದು ಒಂದೇ ಮಾತು: "ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ." ಬಿಚ್ಚಿದ ಅಂಗೈ ಒಂದು ಕ್ಷಣ ಹಾಗೇ ಇದ್ದು, ಆಮೇಲೆ ಮುಚ್ಚಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಡಾಕ್ಟರು ಬರೆದುಕೊಟ್ಟರೂ ಇವಳು ಕೊಡಲ್ಲ ಎಂದು ನನ್ನ ಕಿಟಕಿಗೆ ಕೇಳುವ ಹಾಗೆಯೇ "ದೇವರು ವರ ಕೊಟ್ರೂ ಪೂಜಾರಿ ಕೊಡ" ಎನ್ನುತ್ತಿದ್ದರು. ನನಗೆ ಸಿಟ್ಟು ಬೇಗ. ನಾನೂ ಒಳಗಿನಿಂದ ತಿರುಗಿಸಿ ಅಂದುಬಿಡುತ್ತಿದ್ದೆ. ಮನೆಗೆ ಹೋದ ಮೇಲೆ ಮಾತ್ರ ಊಟಕ್ಕೆ ಕೂತಾಗ ಆ ಮುಚ್ಚಿದ ಕೈಗಳು ಕಣ್ಣ ಮುಂದೆ ಬರುತ್ತಿದ್ದವು.

ಕೆಲಸ ಮುಗಿಸಿ ಕಡೂರಿಗೆ ಬಂದು ನೆಲೆಸಿದೆ. ಸುಮ್ಮನೆ ಕೂರುವ ಅಭ್ಯಾಸವಿಲ್ಲದ್ದರಿಂದ ಆರು ತಿಂಗಳಲ್ಲೇ ಮನೆಯವರಿಗೆ ಸಾಕು ಸಾಕಾಗಿದ್ದೆ. ಆಗ ಸಿಕ್ಕವಳು ತರೀಕೆರೆಯ ಒಬ್ಬ ಡಾಕ್ಟರು. ನನ್ನ ಮಗಳ ವಯಸ್ಸಿನವಳು. ಹಳ್ಳಿಗಳಲ್ಲಿ ಸಕ್ಕರೆ, ಬಿಪಿ ಇರುವವರು ತಿಂಗಳ ಮಾತ್ರೆಗಾಗಿ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಹತ್ತಿ ಪೇಟೆಗೆ ಬರುವುದನ್ನು ನೋಡಿ ಅವಳಿಗೆ ರೋಸಿಹೋಗಿತ್ತು. "ಅವರು ಬರೋದರ ಬದಲು ನಾವೇ ಹೋದರೆ ಹೇಗೆ ಆಂಟಿ?" ಎಂದಳು. ಅಜ್ಜಂಪುರದ ಕಡೆಯ ಒಬ್ಬರು ಶಾಲೆಯ ವ್ಯಾನು ಓಡಿಸಿ ಬೇಸತ್ತಿದ್ದರು. ಅವರೇ ನಮ್ಮ ಡ್ರೈವರ್ ಆದರು. ಅವರ ವ್ಯಾನಿನ ಸೀಟು ಕಿತ್ತು ಒಂದು ಮೇಜು, ಒಂದು ಕಪಾಟು, ನನಗೊಂದು ಸ್ಟೂಲು ಹಾಕಿಸಿಕೊಂಡೆವು. ಹೀಗೆ ಮೂರು ತಾಲ್ಲೂಕಿನ ಮೂವರು ಸೇರಿ ಒಂದು ಸಂಸ್ಥೆಯಾದೆವು. ಬಿಟ್ಟಿ ದಾನವಲ್ಲ, ಲಾಭದ ಅಂಗಡಿಯೂ ಅಲ್ಲ. ಇದನ್ನು ಕನ್ನಡದಲ್ಲಿ ಏನನ್ನಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಜನ ಮಾತ್ರ ಒಂದು ವಾರದಲ್ಲೇ ಹೆಸರಿಟ್ಟುಬಿಟ್ಟರು. ಅವಳು ಡಾಕ್ಟ್ರಮ್ಮ, ನಾನು ಮಾತ್ರೆ ಅಮ್ಮ.

ಸಂಸ್ಥೆ ಎಂದಮೇಲೆ ಅದಕ್ಕೆ ವಿಷನ್ ಬೇಕು, ವ್ಯಾಲ್ಯೂಸ್ ಬೇಕು ಎಂದು ಗೊತ್ತಾದದ್ದು ನೆರವು ಕೇಳಿ ಅರ್ಜಿ ಹಾಕಿದಾಗ. ಅದನ್ನು ಬರೆಸಲಿಕ್ಕೆಂದೇ ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದಳು. ಕಡೂರಿನಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆಯೇ ನಮ್ಮ ಆಫೀಸು. ಅವಳು ಗೋಡೆಗೆ ಬಣ್ಣಬಣ್ಣದ ಚೀಟಿ ಅಂಟಿಸಿ, ಯೂರಿಯಾ ವಾಸನೆಗೆ ಮೂಗು ಒರೆಸಿಕೊಳ್ಳುತ್ತ, "ಹತ್ತು ವರ್ಷ ಆದ್ಮೇಲೆ ಈ ಸೀಮೆ ಹೇಗಿರಬೇಕು ಅಂತ ಎಲ್ಲರೂ ಕಣ್ಣು ಮುಚ್ಚಿ ನೋಡಿ" ಎಂದಳು. ಡ್ರೈವರ್ ಕಣ್ಣು ಮುಚ್ಚಿದವರು ಗೊರಕೆ ಹೊಡೆದರು. ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಪಾಪ ಒಳ್ಳೆಯವಳು, ಅವಳೂ ನಕ್ಕಳು.

ಆದರೆ ಚೀಟಿ ಬರೆಯುವ ಹೊತ್ತಿಗೆ ನಗು ನಿಂತಿತ್ತು. ಡಾಕ್ಟರು ಮೊದಲು ವಿಷನ್ ಬರೆದಳು: "ನಮ್ಮ ಮೂರು ತಾಲ್ಲೂಕಿನಲ್ಲಿ ಸಕ್ಕರೆ, ಬಿಪಿಯಿಂದ ಯಾರೂ ಕುಸಿದು ಬೀಳಬಾರದು." ಅಷ್ಟು ಸಾಕು ಎಂದು ಎಲ್ಲರಿಗೂ ಅನ್ನಿಸಿತು. ಮೌಲ್ಯಗಳಿಗೆ ಬಂದಾಗ ಡ್ರೈವರ್ ಎದ್ದು ಕೂತು, "ಹೇಳಿದ್ ಟೈಮಿಗೆ ಹೋಗಿ ನಿಲ್ಲೋದು. ಅದಕ್ಕಿಂತ ದೊಡ್ಡ ಮೌಲ್ಯ ಇನ್ನೇನೈತೆ?" ಎಂದರು. ಡಾಕ್ಟರು ಬರೆದದ್ದು: "ರೋಗಿಯಿಂದ ನಿಜ ಮುಚ್ಚಿಡುವುದಿಲ್ಲ." ಅವಳ ತಂದೆಗೆ ಕ್ಯಾನ್ಸರ್ ಎಂದು ಮನೆಯವರೆಲ್ಲ ಮುಚ್ಚಿಟ್ಟಿದ್ದರಂತೆ. ಕೊನೆಯ ವಾರದಲ್ಲಿ ಅವರು ಮಗಳ ಮುಖ ನೋಡಿ, "ನೀನೂನಾ?" ಎಂದಷ್ಟೇ ಕೇಳಿದರಂತೆ. ಅದನ್ನು ಹೇಳಿ ಅವಳು ಪೆನ್ನಿನ ಮುಚ್ಚಳ ಹಾಕುತ್ತ, ತೆಗೆಯುತ್ತ ಕೂತಳು.

ನಾನು ಬರೆದೆ: "ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ."

"ಎಲ್ಲರಿಗೂ ಮಾತ್ರೆ ಬೇಕಾಗಲ್ಲ ಆಂಟಿ," ಎಂದಳು ಡಾಕ್ಟರು. "ಬೇಡದವರಿಗೂ ಕೊಡೋಕಾಗುತ್ತಾ?"

"ಮನೆಗೆ ಬಂದ ಮುತ್ತೈದೆಗೆ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಕುಂಕುಮ ಆದ್ರೂ ಕೊಟ್ಟು ಕಳಿಸಲ್ವೇನಮ್ಮ? ನಮ್ಮ ಹತ್ರ ಓಆರ್‌ಎಸ್ ಇದೆ, ಕಬ್ಬಿಣದ ಮಾತ್ರೆ ಇದೆ. ಏನಾದರೊಂದು ಕೈಗೆ ಹಾಕೋಣ," ಎಂದು ನಾನು ಜೋರು ಮಾಡಿದೆ. ಕಿಟಕಿಯ ಕೈಗಳ ಕಥೆ ಹೇಳಿದೆ. ಅದಾದ ಮೇಲೆ ಯಾರೂ ವಾದ ಮಾಡಲಿಲ್ಲ. ಬೆಂಗಳೂರಿನ ಹುಡುಗಿ, "ಇದು ತುಂಬಾ ಪವರ್‌ಫುಲ್ ಆಗಿದೆ ಮೇಡಂ, ಇದನ್ನೇ ವ್ಯಾನಿನ ಮೇಲೆ ಬರೆಸಿ" ಎಂದಳು. ನಾನು ಉಬ್ಬಿದೆ. ಮಾರನೆಯ ವಾರವೇ ಬೀರೂರಿನಿಂದ ಪೇಂಟರ್‌ನನ್ನು ಕರೆಸಿ ನೀಲಿ ಅಕ್ಷರದಲ್ಲಿ ಬರೆಸಿದೆ.

ಯಗಟಿ ಕಡೆಯ ಒಂದು ಹಳ್ಳಿಯಲ್ಲಿ ವ್ಯಾನು ನಿಲ್ಲುತ್ತಿದ್ದುದು ಒಬ್ಬ ಹೆಂಗಸಿನ ಮನೆಯ ಮುಂದೆ. ವಯಸ್ಸು ಅರವತ್ತರ ಆಚೆ. ಗಂಡ ಮತ್ತು ಮಗ ಕುರಿ ಹೊಡೆದುಕೊಂಡು ಹೋದರೆ ಸಂಜೆಯವರೆಗೆ ಮನೆ ಅವಳದೇ. ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನಿಗೆ ಸಕ್ಕರೆ ಇತ್ತು, ಮೊದಲ ತಿಂಗಳು ನೋಡಿದಾಗ ಗಾಬರಿಯಾಗುವಷ್ಟಿತ್ತು. ನಾಲ್ಕೈದು ತಿಂಗಳಲ್ಲಿ ಹದಕ್ಕೆ ಬಂತು. ಅದರಿಂದ ಅವಳಿಗೆ ನಮ್ಮ ಮೇಲೆ ಎಷ್ಟು ಹೆಮ್ಮೆ ಬಂತೆಂದರೆ ವ್ಯಾನು ಅವಳದೇ ಏನೋ ಎನ್ನುವ ಹಾಗೆ ನಡೆದುಕೊಳ್ಳುತ್ತಿದ್ದಳು. ನಾವು ಬರುವ ದಿನ ಜಗಲಿ ಸಾರಿಸಿ, ಚಾಪೆ ಹಾಸಿ, ಸಾಲು ತಪ್ಪಿಸುವವರನ್ನು ಗದರಿಸಿ ನಿಲ್ಲಿಸುತ್ತಿದ್ದಳು. ಹೊರಡುವಾಗ ನನಗೆ ಕುಂಕುಮ ಕೊಟ್ಟು, ಒಂದು ತೆಂಗಿನಕಾಯಿ ಕೈಗಿಡುವಳು. ಬೇಡವೆಂದರೆ ಬಾಗಿಲ ಮೇಲಿನ ಸಾಲಿನ ಕಡೆ ಕೈ ತೋರಿಸಿ, "ನೀವೊಬ್ರೇನಾ ಬರಿಗೈಲಿ ಕಳ್ಸದಿರೋರು? ನಮ್ಮನೇಲೂ ಕಳ್ಸಲ್ಲ ಕಣಮ್ಮ" ಎನ್ನುವಳು. ಡ್ರೈವರ್ ಅದಕ್ಕಾಗಿಯೇ ಸೀಟಿನ ಹಿಂದೆ ಒಂದು ಗೋಣಿಚೀಲ ಇಟ್ಟಿದ್ದರು. ನಾನು ಜಗಲಿ ಇಳಿಯುವುದು ಕಂಡರೆ ಅದರ ಬಾಯಿ ಬಿಡಿಸಿ ಹಿಡಿಯುತ್ತಿದ್ದರು.

ನಾನು ಅಕ್ಕನಿಗೆ ತಿಂಗಳ ಮಾತ್ರೆಯ ಮೇಲೆ ಹತ್ತು ದಿನದ್ದು ಹೆಚ್ಚಿಗೆ ಹಾಕುತ್ತಿದ್ದೆ. ವ್ಯಾನು ಕೆಟ್ಟರೆ, ಮಳೆ ಹಿಡಿದರೆ ಕೈ ಖಾಲಿಯಾಗದಿರಲಿ ಎಂದು. ಅವಳಿಗೆ ಓದು ಬರುತ್ತಿರಲಿಲ್ಲ, ಬಾಗಿಲ ಮೇಲಿನ ಸಾಲನ್ನೂ ಯಾರಿಂದಲೋ ಓದಿಸಿಕೊಂಡು ತಿಳಿದಿದ್ದಳು. ಓದು ಬರದವರಿಗೆಲ್ಲ ನಾನು ಕವರಿನ ಮೇಲೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆಯುತ್ತಿದ್ದೆ. ಸುಮ್ಮನೆ ದುಂಡಗೆ ಬರೆದರೆ ಬೇಜಾರೆಂದು ಸೂರ್ಯನಿಗೆ ಎರಡು ಕಣ್ಣು, ಒಂದು ದಪ್ಪ ಮೀಸೆ ಇಡುತ್ತಿದ್ದೆ. ಹಳ್ಳಿಗಳಲ್ಲಿ ಅದು ಪ್ರಸಿದ್ಧಿಯಾಗಿ, "ಮೀಸೆ ಮಾತ್ರೆ ಮುಗೀತು" ಎಂದೇ ಕೇಳುತ್ತಿದ್ದರು.

ಶುಕ್ರವಾರ ನಮ್ಮದು ಅಜ್ಜಂಪುರ ತಾಲ್ಲೂಕು. ಶಿವನಿ ರೈಲ್ವೆ ಸ್ಟೇಷನ್ನಿನ ಹತ್ತಿರ ಮರದ ನೆರಳಲ್ಲಿ ನಿಲ್ಲುತ್ತಿದ್ದೆವು. ಆಷಾಢದ ಒಂದು ಶುಕ್ರವಾರ ಅಲ್ಲಿಗೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು. ತಲೆಸುತ್ತು, ಸುಸ್ತು ಎಂದಳು. ಡಾಕ್ಟರು ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಬಿಪಿ ನೋಡಿದಳು, ಕಣ್ಣರೆಪ್ಪೆ ಎಳೆದು ನೋಡಿದಳು. ಎಲ್ಲ ಸರಿಯಾಗಿತ್ತು. ಹೊಲದ ಕೆಲಸದಲ್ಲಿ ಮಧ್ಯಾಹ್ನದ ಊಟ ಬಿಡುತ್ತಿದ್ದಳಷ್ಟೆ. "ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಾತ್ರೆ ಏನೂ ಬೇಡ" ಎಂದು ಹೇಳಿ ನನ್ನ ಕಡೆ ಕಳಿಸಿದಳು.

ಅವಳು ನನ್ನ ಮುಂದೆ ಬಂದು ಅಂಗೈ ಬಿಚ್ಚಿದಳು. ಅರಿಶಿನ ಹತ್ತಿದ ಕೈ, ತೋರುಬೆರಳಿನ ತುದಿಯಲ್ಲಿ ಚುಚ್ಚಿದ ರಕ್ತದ ಚುಕ್ಕೆ ಇನ್ನೂ ಇತ್ತು.

"ನಿಮಗೇನೂ ಇಲ್ಲಮ್ಮ. ಆರಾಮಾಗಿ ಹೋಗಿ," ಎಂದೆ.

ಅವಳಿಗೆ ಓದು ಬರುತ್ತಿತ್ತು. ವ್ಯಾನಿನ ಬಾಗಿಲು ನೋಡಿ ನಕ್ಕು, "ಬರಿಗೈಲಿ ಕಳ್ಸಲ್ಲ ಅಂತ ಬರ್ದಿದೀರಲ್ರೀ?" ಎಂದಳು.

ಆವತ್ತು ಜನ ಹೆಚ್ಚಿದ್ದರು. ಕಬ್ಬಿಣದ ಮಾತ್ರೆಯ ಡಬ್ಬಿ ಕಪಾಟಿನ ಕೆಳಗಿನ ಖಾನೆಯಲ್ಲಿತ್ತು, ಬಗ್ಗಬೇಕಿತ್ತು. ನನ್ನ ನಾಲಿಗೆಯಂತೂ ಮೊದಲಿಂದ ಚುರುಕು. "ಕಾಯಿಲೆ ಇಲ್ಲ ಅನ್ನೋ ಮಾತೇ ಕೊಟ್ಟಿದೀನಲ್ಲ, ಅದಕ್ಕಿಂತ ಇನ್ನೇನು ಬೇಕು ತಗೊಳ್ಳಿ!" ಎಂದೆ. ಹಿಂದೆ ನಿಂತವರು ನಕ್ಕರು. ಅವಳೂ ನಕ್ಕಳು, ಆದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಗ ಒಳ್ಳೆಯ ಮಾತೇ ಆಡಿದೆ ಅಂದುಕೊಂಡಿದ್ದೆ. ಊಟದ ಹೊತ್ತಿಗೆ ಡ್ರೈವರ್‌ಗೆ ಅದನ್ನು ಹೇಳಿ ಇನ್ನೊಮ್ಮೆ ನಕ್ಕಿದ್ದೆ.

ಶ್ರಾವಣ ಕಳೆದ ಮೇಲೆ ಅದೇ ಶಿವನಿಯ ಮರದ ಕೆಳಗೆ ಒಬ್ಬರು ಬಂದರು. ಬಿಳಿ ಅಂಗಿ, ಹಣೆಯಲ್ಲಿ ಮಾಸಿದ ವಿಭೂತಿ. ಸಾಲಿನಲ್ಲಿ ನಿಲ್ಲಲಿಲ್ಲ. ಎಲ್ಲರದೂ ಮುಗಿಯುವವರೆಗೆ ದೂರದಲ್ಲಿ ಕೂತಿದ್ದು, ಆಮೇಲೆ ಎದ್ದು ಬಂದು ಜೇಬಿನಿಂದ ಮಡಿಸಿದ ಕವರೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

"ಇದು ನಿಮ್ದೇನಾ ನೋಡಿ ಅಮ್ಮ."

ಮೀಸೆಯ ಸೂರ್ಯ. ಒಳಗೆ ಅರ್ಧ ಖಾಲಿಯಾದ ಸಕ್ಕರೆ ಮಾತ್ರೆಯ ಸ್ಟ್ರಿಪ್ಪು. ನಮ್ಮದೇ ಎಂದೆ. ಯಾರ ಹೆಸರಿನದು ಎಂದು ಕೇಳಿದೆ.

"ನಮ್ಮನೆಯವಳು ತಗೋತಿದ್ಲು. ಅವ್ಳಕ್ಕ ಕೊಟ್ಟಿದ್ದು, ಯಗಟಿ ಕಡೆಯೋಳು, ನಿಮ್ ವ್ಯಾನು ಅವ್ಳ ಮನೆ ಮುಂದೇನೇ ನಿಲ್ಲೋದಂತೆ," ಎಂದು ಅವರು ಹೇಳತೊಡಗಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಹೆಂಡತಿ ಆಷಾಢದ ಕೊನೆಯಲ್ಲಿ ಇಲ್ಲಿಂದ ರೈಲು ಹತ್ತಿ ಕಡೂರಿನಲ್ಲಿ ಇಳಿದು, ಬಸ್ಸಿನಲ್ಲಿ ಅಕ್ಕನ ಮನೆಗೆ ಹೋಗಿದ್ದಳು. ತಾಯಿ ತೀರಿಹೋದ ಮೇಲೆ, ಹುಟ್ಟಿದೂರಲ್ಲೇ ಮದುವೆಯಾಗಿದ್ದ ಅಕ್ಕನ ಮನೆಯೇ ಅವಳಿಗೆ ತವರು. ಹೊರಡುವ ದಿನ ಅಕ್ಕ ಮಡಿಲು ತುಂಬಿ ಕಳಿಸಿದ್ದಳು. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ರವಿಕೆ ಬಟ್ಟೆ, ಅವುಗಳ ಜೊತೆಗೆ ಈ ಕವರು. ತಲೆಸುತ್ತಿಗೆ ಒಳ್ಳೆಯದು, ನನಗೂ ಹೀಗೇ ಆಗುತ್ತಿತ್ತು, ಒಂದೇ ರಕ್ತ ತಾನೇ ಎಂದಿದ್ದಳಂತೆ. ಇವಳು ಊರಿಗೆ ಬಂದ ಮಾರನೆಯ ದಿನದಿಂದ ಬೆಳಗ್ಗೆ ಒಂದೊಂದು ನುಂಗಿದಳು. ಬೆವರು ಬಂದು ಕೈ ನಡುಗಿದಾಗ, "ಮಾತ್ರೆ ಕೆಲ್ಸ ಮಾಡ್ತೈತೆ" ಎಂದು ಗಂಡನಿಗೆ ಹೇಳಿದಳಂತೆ. ಶ್ರಾವಣದ ಸೋಮವಾರ ಅವಳದು ಉಪವಾಸ. ಉಪವಾಸಕ್ಕೆ ಊಟ ಬಿಟ್ಟಳು, ಮಾತ್ರೆ ಬಿಡಲಿಲ್ಲ. ಮನೆಯವರು ಹೊಲದಿಂದ ಮಧ್ಯಾಹ್ನ ಬಂದು ನೋಡಿದಾಗ ದೇವರ ಮುಂದೆ ಬಿದ್ದಿದ್ದಳು. ಎಷ್ಟು ಹೊತ್ತಿನಿಂದ ಬಿದ್ದಿದ್ದಳೋ ಯಾರಿಗೂ ಗೊತ್ತಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದರು, ಜೀವ ಉಳಿಯಿತು.

"ಜೀವ ಐತೆ ಅಮ್ಮ. ಅವ್ಳು ಇಲ್ಲ," ಎಂದರು.

ಡಾಕ್ಟರು ಕವರು ತೆಗೆದುಕೊಂಡು ಮಾತ್ರೆಯ ಹೆಸರು ಓದಿ ವ್ಯಾನು ಇಳಿದಳು. ನಾವು ಮೂವರೂ ಅವರ ಜೊತೆ ಮನೆಗೆ ಹೋದೆವು.

ನಡುಮನೆಯ ಮಂಚದ ಮೇಲೆ ಮಲಗಿಸಿದ್ದರು. ಕಣ್ಣು ತೆರೆದಿತ್ತು. ಸೊಸೆ ಚಮಚದಲ್ಲಿ ರಾಗಿ ಗಂಜಿ ಹಾಕುತ್ತಿದ್ದಳು, ಅರ್ಧ ಒಳಗೆ, ಅರ್ಧ ಗಲ್ಲದ ಮೇಲೆ. ನನಗೆ ಮುಖದ ಗುರುತು ಹತ್ತಲಿಲ್ಲ. ಹೊದಿಕೆಯ ಹೊರಗೆ ಇದ್ದ ಕೈಯನ್ನು ನೋಡಿದೆ. ಅಂಗೈ ಮೇಲಾಗಿ ಬಿಚ್ಚಿಕೊಂಡಿತ್ತು. ಆಗ ಗೊತ್ತಾಯಿತು, ಆಷಾಢದಲ್ಲಿ ನಾನು ತಮಾಷೆ ಮಾಡಿ ಕಳಿಸಿದ್ದು ಇವಳನ್ನೇ. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿದಳು, ಕಾಲಿನ ಅಡಿ ಗೀರಿ ನೋಡಿದಳು, ಹೆಸರು ಹಿಡಿದು ಕೂಗಿದಳು. ನಾನು ಆ ಕೈಯಲ್ಲಿ ನನ್ನ ಬೆರಳಿಟ್ಟೆ. ಅದು ಮುಚ್ಚಿಕೊಳ್ಳಲಿಲ್ಲ.

ಅಂಗಳದಲ್ಲಿ ಗಂಡ ಕೇಳಿದರು, "ಸರಿಹೋಗ್ತಾಳಾ ಡಾಕ್ಟ್ರಮ್ಮ?"

"ಸರಿಹೋಗೋದು ಕಷ್ಟ. ಸುಳ್ಳು ಹೇಳಲ್ಲ," ಎಂದಳು ಅವಳು.

ಅವರು ನನ್ನ ಕಡೆ ತಿರುಗಿದರು. "ಒಂದು ಬೇಡ್ಕೋತೀನಿ ಅಮ್ಮ. ಅವ್ಳಕ್ಕಂಗೆ ಇದು ಮಾತ್ರೆಯಿಂದ ಆಗಿದ್ದು ಅಂತ ಹೇಳ್ಬೇಡಿ. ಬಂದು ನೋಡ್ಕಂಡು ಎದೆ ಬಡ್ಕಂಡು ಹೋಗವ್ಳೆ. ಕಾರಣ ಗೊತ್ತಾದ್ರೆ ಅವ್ಳೂ ಉಳಿಯಲ್ಲ. ಕೊಟ್ಟಿದ್ದು ಪ್ರೀತಿಲಿ ಅಲ್ವಾ?"

ನಾನು ಆಗಲಿ ಎಂದು ತಲೆಯಾಡಿಸಿದೆ. ಅದನ್ನು ಬಿಟ್ಟು ಆ ಅಂಗಳದಲ್ಲಿ ನಾನು ಇನ್ನೇನು ಮಾಡಬಹುದಿತ್ತು?

ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಮಾರನೆಯ ದಿನ ಮೂವರೂ ಕೂತೆವು. ಗೋಡೆಯ ಮೇಲೆ ನಮ್ಮ ಚೀಟಿಗಳು ಇನ್ನೂ ಇದ್ದವು, ಒಂದೆರಡು ಅಂಟು ಬಿಟ್ಟು ಜೋತಾಡುತ್ತಿದ್ದವು. ಯಾರೂ ಕುಸಿದು ಬೀಳಬಾರದು ಎನ್ನುವುದು ನೇರ ನನ್ನ ಎದುರಿಗಿತ್ತು. ಡಾಕ್ಟರು ಹೇಳಿದಳು, ಅಕ್ಕನಿಗೆ ಹೇಳಲೇಬೇಕು, ಇವತ್ತು ತಂಗಿಗೆ ಕೊಟ್ಟವಳು ನಾಳೆ ಪಕ್ಕದ ಮನೆಗೆ ಕೊಡುತ್ತಾಳೆ ಎಂದು. "ಆಯಪ್ಪ ಕೈ ಮುಗ್ದು ಕೇಳವ್ರಲ್ಲ" ಎಂದರು ಡ್ರೈವರ್. ಇಬ್ಬರೂ ಸರಿ. ನಾನು ಯಾರ ಕಡೆಯೂ ವಾಲಲಾರದೆ, "ಮೊದಲು ಬಾಗಿಲ ಮೇಲಿನ ಸಾಲು ಅಳಿಸಿ" ಎಂದೆ.

"ಅಳಿಸಿದರೆ ಏನಾಗುತ್ತೆ ಆಂಟಿ? ತಪ್ಪು ಆ ಸಾಲಿನದಲ್ಲ."

"ಹಾಗಾದರೆ ಯಾರದು? ಹೆಚ್ಚಿಗೆ ಹತ್ತು ಮಾತ್ರೆ ಹಾಕಿದವಳು ನಾನು. ಇದು ನಿಮಗೆ ಮಾತ್ರ, ಇನ್ನೊಬ್ಬರಿಗೆ ವಿಷ ಅಂತ ಬಾಯಿ ಬಿಟ್ಟು ಹೇಳದವಳೂ ನಾನು. ಮೀಸೆ ಬರೆಯೋಕೆ ಪುರುಸೊತ್ತಿತ್ತು!" ಎಂದು ಕೂಗಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಡಾಕ್ಟರು ಎದ್ದು ಬಂದು ನನ್ನ ಪಕ್ಕ ಕೂತಳು, ಸಮಾಧಾನದ ಮಾತು ಹೇಳಲಿಲ್ಲ. ಅದಕ್ಕೆ ಅವಳ ಮೇಲೆ ನನಗೆ ಇಂದಿಗೂ ಗೌರವ.

ಅದೇ ವಾರ ಬೆಂಗಳೂರಿನ ಹುಡುಗಿ ಫೋನು ಮಾಡಿ, ಮೌಲ್ಯಗಳ ಕೊನೆಯ ಪ್ರತಿ ಯಾವಾಗ ಕಳಿಸುತ್ತೀರಿ, ಬರಿಗೈಯ ಸಾಲಿಗೆ ಒಂದು ಒಳ್ಳೆಯ ಉದಾಹರಣೆ ಸೇರಿಸಿದರೆ ಚೆನ್ನಾಗಿರುತ್ತದೆ ಎಂದಳು. ಆಗಲಿ ಎಂದು ಫೋನಿಟ್ಟೆ. ಅದನ್ನು ಇನ್ನೂ ಕಳಿಸಿಲ್ಲ.

ಯಗಟಿಯ ದಿನ ಬಂತು. ಡಾಕ್ಟರು ತಾನೇ ಹೇಳುತ್ತೇನೆ ಎಂದಳು. ಬೇಡ, ಕವರು ನನ್ನದು ಎಂದೆ. ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸುತ್ತಿದ್ದೆ. ಬಸ್ಸಿನ ಹಿಂದೆ ಧೂಳು ತಿನ್ನುತ್ತ ಹೋಗುವಾಗ ಜೋಡಿಸಿದ್ದೆಲ್ಲ ಮತ್ತೆ ಚೆದುರಿಹೋಗುತ್ತಿತ್ತು. ಹೇಳಿದರೆ ಒಬ್ಬರಿಗೆ ಕೊಟ್ಟ ಮಾತು ತಪ್ಪುತ್ತದೆ, ಹೇಳದಿದ್ದರೆ ನಿಜ ಮುಚ್ಚಿಡುವುದಿಲ್ಲ ಎಂದು ಬರೆದ ನಮ್ಮ ಮಾತೇ ಸುಳ್ಳಾಗುತ್ತದೆ. ಹಳ್ಳಿ ತಲುಪುವ ಹೊತ್ತಿಗೆ ಹೇಳದೆ ಬಂದುಬಿಡೋಣ, ಮಾತ್ರೆ ಯಾರಿಗೂ ಕೊಡಬೇಡಿ ಎಂದಷ್ಟೇ ಎಲ್ಲರಿಗೂ ಸಾರೋಣ ಎಂದು ತೀರ್ಮಾನಿಸಿದ್ದೆ. ಹೇಡಿತನವೇ ಇರಬಹುದು.

ಜಗಲಿ ಸಾರಿಸಿತ್ತು. ಅಕ್ಕ ಸೊರಗಿಹೋಗಿದ್ದಳು, ಆದರೂ ಚಾಪೆ ಹಾಸಿ, ಸಾಲು ನಿಲ್ಲಿಸಿದಳು. ವ್ಯಾನಿನ ಬಾಗಿಲು ನೋಡಿ, "ಯಾಕೆ, ಅಳಿಸಿಬಿಟ್ರಾ?" ಎಂದಳು. ನಾನು ಸ್ಟೂಲಿನ ಮೇಲೆ ಕೂತು ಮಾತ್ರೆ ಎಣಿಸತೊಡಗಿದೆ. ಎಲ್ಲರೂ ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ತಂಗಿಯ ಸುದ್ದಿ ಹೇಳಿದಳು. ನಾನು ಮೊದಲ ಸಲ ಕೇಳುವವಳ ಹಾಗೆ ಕೇಳಿದೆ.

"ನಾನು ಮಾತ್ರೆ ಕೊಟ್ಟಿದ್ದಕ್ಕೆ ಅಷ್ಟಾದ್ರೂ ಉಳ್ಕಂಡ್ಲು ಕಣಮ್ಮ," ಎಂದಳು. "ಇಲ್ದಿದ್ರೆ ಅವತ್ತೇ ಹೋಗ್ಬಿಡೋಳು."

"ನೀವು ಯಾಕೆ ಕೊಟ್ರಿ ಅಕ್ಕ?" ಎಂದು ಕೇಳಿದೆ.

ಅವಳು ಸ್ವಲ್ಪ ನಾಚಿಕೊಂಡಳು. "ನಿಮಗೆ ಹೇಳ್ಬಾರ್ದು ಅಂತಿದ್ದೆ. ಅವ್ಳು ಶಿವನೀಲಿ ನಿಮ್ ಹತ್ರ ಬಂದಿದ್ಲಂತೆ. 'ನಿನ್ ವ್ಯಾನಿನೋರು ಬರಿಗೈಲಿ ಕಳ್ಸಿದ್ರು ಕಣಕ್ಕ, ಬಾಗ್ಲು ಮೇಲೆ ಮಾತ್ರ ದೊಡ್ಡದಾಗಿ ಬರ್ಕಂಡವ್ರೆ' ಅಂತ ಆಡ್ಕಂಡ್ಲು. ನಂಗೆ ತಡ್ಕಳಕ್ಕಾಗ್ಲಿಲ್ಲ. ನಮ್ ಜಗಲಿ ಮೇಲೆ ಕೂರೋ ಜನ, ಅವ್ರು ಮಾತು ತಪ್ಪೋರಲ್ಲ, ಗದ್ಲದಲ್ಲಿ ಮರ್ತಿರ್ತಾರೆ ಅಂದೆ. ನಿಮ್ ಮಾತು ಸುಳ್ಳಾಗ್ಬಾರ್ದು ಅಂತ ನನ್ ಪಾಲಿಂದೇ ಅವ್ಳ ಮಡಿಲಿಗೆ ಹಾಕ್ದೆ."

ಅಕ್ಕ ಒಳಗೆ ಹೋಗಿ, ನಾನು ಆಗಷ್ಟೇ ಕೊಟ್ಟಿದ್ದ ಕವರನ್ನು, ಹಳೆಯ ಕವರಿನಲ್ಲಿ ಉಳಿದಿದ್ದನ್ನೂ ಸೇರಿಸಿ ತಂದು ನನ್ನ ಮಡಿಲಿಗೇ ಹಾಕಿದಳು. "ಶುಕ್ರವಾರ ಅಲ್ಲಿಗೆ ಹೋಗ್ತೀರಲ್ಲ, ಅವ್ಳಿಗೆ ತಲುಪ್ಸಿಬಿಡಿ. ನಂದೇನು, ಹೆಂಗೋ ನಡೀತದೆ. ಈಗ ನನಗಿಂತ ಅವ್ಳಿಗೆ ಬೇಕು."

ಮೀಸೆಯ ಸೂರ್ಯ ನನ್ನ ಸೀರೆಯ ಮೇಲೆ ಬಿದ್ದುಕೊಂಡು ನನ್ನನ್ನೇ ನೋಡುತ್ತಿದ್ದ. ಸುಮ್ಮನೆ ತೆಗೆದುಕೊಂಡು ಹೋದರೆ ಅಕ್ಕ ಮಾತ್ರೆಯಿಲ್ಲದೆ ಉಳಿಯುತ್ತಾಳೆ. ಬೇಡವೆಂದರೆ ಯಾಕೆಂದು ಹೇಳಬೇಕು. ನಾನು ಹೇಳಿದೆ. ದಾರಿಯಲ್ಲಿ ಜೋಡಿಸಿದ ಯಾವ ಮಾತೂ ಬರಲಿಲ್ಲ. ಈ ಮಾತ್ರೆ ಸಕ್ಕರೆ ಇಳಿಸುತ್ತದೆ, ಅವಳಿಗೆ ಇಳಿಸಲು ಹೆಚ್ಚಿನ ಸಕ್ಕರೆ ಇರಲೇ ಇಲ್ಲ, ಉಪವಾಸದ ದಿನ ಪೂರ್ತಿ ಇಳಿದುಹೋಯಿತು, ಬಿದ್ದದ್ದು ಅದರಿಂದಲೇ ಎಂದು ಒಂದೇ ಉಸಿರಿಗೆ ಹೇಳಿ, "ತಪ್ಪು ನಿಮ್ಮದಲ್ಲ ಅಕ್ಕ, ನನ್ನದು. ನಿಮಗೆ ಹೇಳಬೇಕಾಗಿತ್ತು, ಹೇಳಲಿಲ್ಲ. ಅವಳ ಕೈಗೆ ಏನಾದರೂ ಹಾಕಬೇಕಾಗಿತ್ತು, ಹಾಕಲಿಲ್ಲ," ಎಂದೆ.

ಅಕ್ಕ ಅಳಲಿಲ್ಲ. ನನ್ನ ಮುಖ ನೋಡಿ ಕೇಳಿದಳು, "ಅವ್ಳಿಗೆ ಗೊತ್ತಾ? ನಾನು ಕೊಟ್ಟಿದ್ರಿಂದ ಅಂತ?"

"ಅವರಿಗೆ ಈಗ ಏನೂ ಗೊತ್ತಾಗಲ್ಲ ಅಕ್ಕ."

ಅವಳು ಎದ್ದು ಒಳಗೆ ಹೋದಳು. ಕುಂಕುಮದ ಬಟ್ಟಲು ತರಲು ಹೋದಳೆಂದು ಮೊದಲು ಅಂದುಕೊಂಡೆ, ಅಭ್ಯಾಸ ಅಂಥದ್ದು. ಡಾಕ್ಟರು ಬಂದು ಹೊಸ್ತಿಲ ಬಳಿ ನಿಂತು, "ಅಮ್ಮ, ನಿಮ್ಮ ಮಾತ್ರೆ ನೀವು ಬಿಡಬಾರದು" ಎಂದು ಕೂಗಿ ಹೇಳಿದಳು. ಅಕ್ಕ ಹೊರಗೆ ಬರಲಿಲ್ಲ. ನಾವು ಕಾದೆವು. ಹಿತ್ತಲಲ್ಲಿ ಕುರಿಮರಿಯೊಂದು ಅರಚುತ್ತಿತ್ತು. ನಾನು ಕವರುಗಳನ್ನು ಜಗಲಿಯ ಕಂಬದ ಪಕ್ಕ ಇಟ್ಟು, ಗಾಳಿಗೆ ಹಾರದಿರಲೆಂದು ಮೇಲೆ ಒಂದು ಕಲ್ಲು ಹೇರಿ ಎದ್ದೆ.

ನಾನು ಜಗಲಿ ಇಳಿಯುವುದನ್ನು ಕಂಡು ಡ್ರೈವರ್ ಎಂದಿನಂತೆ ತೆಂಗಿನಕಾಯಿಗೆಂದು ಗೋಣಿಚೀಲದ ಬಾಯಿ ಬಿಡಿಸಿ ಹಿಡಿದಿದ್ದರು. ನನ್ನ ಕೈ ನೋಡಿದರು. ಚೀಲವನ್ನು ಮಡಿಸಿ ಸೀಟಿನ ಹಿಂದೆ ಇಟ್ಟರು.